ಚಕ್ಕೆಯಲ್ಲಿರೋ ಕೂಮರಿನ್ ಕ್ಯಾನ್ಸರ್‌ಗೆ ಮದ್ದಂತೆ, ನಿಜಾನಾ? ಚಿಕ್ಕಮ್ಮ ದಿನಾ ಚಮಚ ತಿನ್ನುತ್ತಿದ್ದಾರೆ

ಕೆರೆದಂಡೆ_ಮಂಜ:
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಯಿತು, ಈಗ ಕೀಮೋ ನಡೀತಾ ಇದೆ. ಒಂದು ತಿಂಗಳ ಹಿಂದೆ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದರು, ಚಕ್ಕೆಯಲ್ಲಿ ಕೂಮರಿನ್ ಅನ್ನೋ ವಸ್ತು ಇದೆ, ಅದು ಕ್ಯಾನ್ಸರ್ ಗೆಡ್ಡೆ ಕರಗಿಸುತ್ತೆ ಅಂತ. ಅವತ್ತಿನಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ಚಕ್ಕೆ ಪುಡಿ, ಬಿಸಿನೀರು, ಜೇನುತುಪ್ಪ. ಬೇಡ ಅಂದರೆ "ಚಕ್ಕೆ ತಾನೇ ಕಣೋ, ಪಲಾವ್‌ಗೆ ಹಾಕಲ್ವಾ" ಅನ್ನುತ್ತಾರೆ.

ನಾನು ಸುಳ್ಳು ಸುದ್ದಿ ಅಂತ ಹೇಳಿ ಮುಗಿಸೋಣ ಅಂತಿದ್ದೆ. ಅಷ್ಟರಲ್ಲಿ ನಮ್ಮ ಅಕ್ಕನ ಮಗಳು ಫೋನಿನಲ್ಲಿ ಸಿಕ್ಕಿದಳು. ಎಂಎಸ್ಸಿ ಕೆಮಿಸ್ಟ್ರಿ. ಅವಳು "ಹೌದು ಮಾಮ, ಕೂಮರಿನ್ ಆಂಟಿಕ್ಯಾನ್ಸರ್, ನಮ್ಮ ಲ್ಯಾಬಲ್ಲಿ ಅದೇ ಮಾಡೋದು" ಅಂದುಬಿಟ್ಟಳು. ಸ್ಪೀಕರ್ ಆನ್ ಇತ್ತು. ಚಿಕ್ಕಮ್ಮನಿಗೆ ಈಗ ಸರ್ಟಿಫಿಕೇಟ್ ಸಿಕ್ಕ ಹಾಗಾಗಿದೆ, ಒಂದು ಚಮಚ ಇದ್ದದ್ದು ಒಂದೂವರೆ ಆಗಿದೆ.

ನಾನು ಬಿಕಾಂ. ಹುಡುಕಿದರೆ ಸಾವಿರಗಟ್ಟಲೆ ಪೇಪರ್ ಬರುತ್ತೆ, ಎಲ್ಲದರಲ್ಲೂ ಕೂಮರಿನ್, ಎಲ್ಲದರಲ್ಲೂ ಕ್ಯಾನ್ಸರ್. ನಿಜಾನಾ, ಅರ್ಧ ನಿಜಾನಾ, ಸುಳ್ಳಾ?

ಸುಮ್ನೆ_ಬಂದೆ:
ಕೀಮೋ ಕೊಡ್ತಿರೋ ಡಾಕ್ಟರಿಗೆ ಹೇಳಿದ್ರಾ? ಮೊದಲು ಅದು.

ಕೆರೆದಂಡೆ_ಮಂಜ:
ಇಲ್ಲ. ಡಾಕ್ಟರಿಗೆ ಹೇಳಬೇಡ ಅಂತ ಚಿಕ್ಕಮ್ಮ ಆಣೆ ಹಾಕಿಸಿದ್ದಾರೆ.

ಸುಮ್ನೆ_ಬಂದೆ:
ಆಣೆ ಮುರೀರಿ. ಪಾಪ ಬಂದರೆ ನನ್ನ ತಲೆಗೆ ಕಟ್ಟಿ.

ತರಲೆ_ತಿಮ್ಮಕ್ಕ:
ಕೂಮರಿನ್ ಅಂದರೆ ಇಲಿ ಪಾಷಾಣ ಅಲ್ವಾ? ನಮ್ಮ ಅಂಗಡಿ ಗೋದಾಮಿಗೆ ತರೋ ಪೊಟ್ಟಣದ ಮೇಲೆ ಅಂಥದ್ದೇ ಹೆಸರು ನೋಡಿದ ನೆನಪು 😀

ಬೀಕರ್_ಬಸ್ಯಾ:
ಅರ್ಧ ಸರಿ ತಿಮ್ಮಕ್ಕಾರ. ಧಾರವಾಡದಾಗ ಕೆಮಿಸ್ಟ್ರಿ ಓದಿದವ ನಾನು. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ವಿಭಾಗದಲ್ಲಿ ಕೂಮರಿನ್ ಕೆಲಸ ಬಹಳ ವರ್ಷದಿಂದ ನಡೆದಿದೆ. ಹಂಗಾಗಿ ಈ ವಿಷಯ ಬಂದರೆ ಬಾಯಿ ಮುಚ್ಚಿಕೊಂಡು ಕೂಡೋದು ನನಗೆ ಕಷ್ಟ.

ಕೂಮರಿನ್ ಒಂದು ಸಣ್ಣ ಅಣು. ಎರಡು ಉಂಗುರ ಅಂಟಿಕೊಂಡಿವೆ, ಅಷ್ಟೇ. 1820ರಲ್ಲಿ ದಕ್ಷಿಣ ಅಮೆರಿಕದ ಟೊಂಕಾ ಅನ್ನೋ ಬೀಜದಿಂದ ಬೇರೆ ಮಾಡಿದರು. ಆ ಮರಕ್ಕೆ ಅಲ್ಲಿಯವರು ಕೂಮರು ಅನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ. 1868ರಲ್ಲಿ ಪರ್ಕಿನ್ ಲ್ಯಾಬಿನಲ್ಲೇ ತಯಾರಿಸಿದ. ಒಣಗಿದ ಹುಲ್ಲಿನ ಸಿಹಿ ವಾಸನೆ ಇರುತ್ತಲ್ಲ, ಅದರಲ್ಲಿ ಇದರ ಪಾಲು ದೊಡ್ಡದು. ಸೆಂಟಿನವರು ಆವಾಗಲೇ ಹಿಡಿದುಕೊಂಡರು.

ಇಲಿ ಪಾಷಾಣದ ಕತೆ ಬೇರೆ. 1920ರ ದಶಕದಲ್ಲಿ ಅಮೆರಿಕ, ಕೆನಡಾದ ದನಗಳು ಸುಮ್ಮಸುಮ್ಮನೆ ರಕ್ತ ಸೋರಿ ಸಾಯತೊಡಗಿದವು. ಸ್ವೀಟ್ ಕ್ಲೋವರ್ ಅನ್ನೋ ಮೇವಿಗೆ ಬೂಷ್ಟು ಹಿಡಿದದ್ದು ತಿಂದಿದ್ದವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ ಹಿಮದ ಬಿರುಗಾಳಿಯಲ್ಲಿ ಸತ್ತ ಕರು, ಒಂದು ಹೊರೆ ಹಾಳಾದ ಮೇವು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ ತಗೊಂಡು ಕಾರ್ಲ್ ಪಾಲ್ ಲಿಂಕ್ ಅವರ ಲ್ಯಾಬಿಗೆ ಬಂದ. ಅದರೊಳಗಿನ ವಸ್ತುವನ್ನು ಹರಳು ಮಾಡಿ ತೆಗೆಯೋಕೆ ಆರು ವರ್ಷ ಹಿಡಿಯಿತು. ಮೇವಿನಲ್ಲಿದ್ದ ಸಾದಾ ಕೂಮರಿನ್ ಅನ್ನು ಬೂಷ್ಟು ಬದಲಾಯಿಸಿ ಡೈಕೂಮರಾಲ್ ಮಾಡಿತ್ತು. ಅದರ ತಮ್ಮನೇ ವಾರ್ಫರಿನ್. 1948ರಲ್ಲಿ ಇಲಿಗೆ ಪಾಷಾಣ, 1954ರಲ್ಲಿ ಮನುಷ್ಯರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯೋ ಔಷಧಿ.

ಮಂಜಣ್ಣ, ನಿಮಗೆ ಬೇಕಾದ ಮಾತು ಇದರಲ್ಲೇ ಇದೆ. ಮೇವಿನಲ್ಲಿದ್ದ ಕೂಮರಿನ್ ರಕ್ತ ಸೋರಿಸಲಿಲ್ಲ. ಬದಲಾದ ಕೂಮರಿನ್ ಸೋರಿಸಿತು. ಪೇಪರ್‌ಗಳಲ್ಲಿ ಬರುವ "ಕೂಮರಿನ್ ಆಂಟಿಕ್ಯಾನ್ಸರ್" ಅಂದರೂ ಹಂಗೇ. ಆ ಎರಡು ಉಂಗುರದ ಚೌಕಟ್ಟಿಗೆ ಅಲ್ಲೊಂದು ಬಾಲ, ಇಲ್ಲೊಂದು ಕೊಂಬು ಕಟ್ಟಿದ ಅಣುಗಳು ಅವು. ಚಕ್ಕೆಯಲ್ಲಿರೋದು ಬರೀ ಚೌಕಟ್ಟು.

ತರಲೆ_ತಿಮ್ಮಕ್ಕ:
ಅಂದರೆ ನಮ್ಮಪ್ಪ ವಾಲ್ವ್ ಆಪರೇಷನ್ ಆದ ಮೇಲೆ ತಗೊಳ್ಳೋ ಅಸಿಟ್ರಾಮ್ ಕೂಡ ಇಲಿ ಪಾಷಾಣದ ನೆಂಟನಾ?

ಮಾತ್ರೆಡಬ್ಬಿ:
ಹೌದು ಅಕ್ಕಾ, ಅಸಿಟ್ರಾಮ್ ಅಂದರೆ ಅಸೆನೋಕೂಮರಾಲ್, ಹೆಸರಲ್ಲೇ ಕೂಮರಿನ್ ಇದೆ. ಅಪ್ಪಾಜಿಗೆ ಇದು ಓದಿಸಬೇಡಿ, ಮಾತ್ರೆ ಬಿಟ್ಟುಬಿಟ್ಟಾರು! ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನೋಡೋ ಐಎನ್‌ಆರ್ ಟೆಸ್ಟ್ ಮಾತ್ರ ತಪ್ಪಿಸಬೇಡಿ.

ನಾನು ಔಷಧಿ ಅಂಗಡಿ ಇಟ್ಟು ಇಪ್ಪತ್ತು ವರ್ಷ. ಮಂಜಣ್ಣ, ನಿಮ್ಮ ಲೆಕ್ಕ ಹಾಕೋಣ. ಅಗ್ಗದ ಚಕ್ಕೆ ಅಂದರೆ ಕ್ಯಾಸಿಯಾ ಜಾತಿ. ಅದರ ಒಂದು ಗ್ರಾಮ್ ಪುಡಿಯಲ್ಲಿ ಸರಾಸರಿ 3 ಮಿಲಿಗ್ರಾಮ್ ಕೂಮರಿನ್ ಅಂತ ಜರ್ಮನಿಯವರು ಲೆಕ್ಕ ಕೊಟ್ಟಿದ್ದಾರೆ. ಒಂದು ಟೀ ಚಮಚ ಎರಡೂವರೆ ಮೂರು ಗ್ರಾಮ್, ಅಂದರೆ 8 ಮಿಲಿಗ್ರಾಮ್ ಆಸುಪಾಸು. ದಿನಾ ತಿಂದರೂ ತೊಂದರೆ ಇಲ್ಲ ಅಂತ ಯುರೋಪಿನಲ್ಲಿ ಇಟ್ಟಿರೋ ಮಿತಿ ಒಂದು ಕಿಲೋ ಮೈತೂಕಕ್ಕೆ 0.1 ಮಿಲಿಗ್ರಾಮ್. 60 ಕಿಲೋ ಇದ್ದರೆ 6. ಚಿಕ್ಕಮ್ಮ ಒಂದೇ ಚಮಚಕ್ಕೆ ಗಡಿ ದಾಟಿದ್ದಾರೆ, ಒಂದೂವರೆಗೆ ಕೇಳೋದೇ ಬೇಡ. ಅದೂ ಕೀಮೋ ಮಧ್ಯೆ, ಲಿವರ್‌ಗೆ ಮೊದಲೇ ಕೈತುಂಬ ಕೆಲಸ.

ಗಡಿ ದಾಟಿದ ಮಾತ್ರಕ್ಕೆ ಲಿವರ್ ಹೋಯ್ತು ಅಂತಲ್ಲ. ಎಲ್ಲರಿಗೂ ಆಗಲ್ಲ, ಕೆಲವರಿಗೆ ಆಗುತ್ತೆ. ಯಾರಿಗೆ ಆಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ, ಅದೇ ತಾಪತ್ರಯ. ಅಮೆರಿಕದಲ್ಲಿ 1954ರಲ್ಲೇ ಆಹಾರಕ್ಕೆ ಕೂಮರಿನ್ ಬೆರೆಸೋದನ್ನು ನಿಲ್ಲಿಸಿದರು.

ಒಗ್ಗರಣೆ_ಡಬ್ಬಿ:
ಒಂದು ನಿಮಿಷ. ಚಕ್ಕೆ ಬೇರೆ, ದಾಲ್ಚಿನ್ನಿ ಬೇರೆನಾ? ನಮ್ಮ ಮನೆಯಲ್ಲಿ ಎರಡೂ ಒಂದೇ ಡಬ್ಬಿ.

ಘಟ್ಟದ_ಕೆಳಗೆ:
ಮಾತಿನಲ್ಲಿ ಎರಡೂ ಒಂದೇ ಮಾರಾಯ್ರೇ, ಮರ ಬೇರೆ. ದಪ್ಪ, ಗಟ್ಟಿ, ಒಂದೇ ಪದರ ಸುರುಳಿ ಸುತ್ತಿದ್ದರೆ ಕ್ಯಾಸಿಯಾ. ಬೀಡಿ ಎಲೆಯ ಹಾಗೆ ತೆಳು ಪದರ ಒಂದರೊಳಗೊಂದು ಇದ್ದು, ಹಿಸುಕಿದರೆ ಪುಡಿಯಾದರೆ ಸಿಲೋನ್‌ದು. ಅದರಲ್ಲಿ ಕೂಮರಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪುಡಿ ಮಾಡಿ ಮಾರಿದರೆ ದೇವರಿಗೇ ಗೊತ್ತು.

ಒಗ್ಗರಣೆ_ಡಬ್ಬಿ:
ಹಾಗಾದರೆ ಬಿಸಿಬೇಳೆಬಾತ್ ಬಿಡಬೇಕಾ? 😟

ಮಾತ್ರೆಡಬ್ಬಿ:
ನಾಲ್ಕು ಜನರ ಬಾತಿಗೆ ಎರಡು ತುಂಡು ಹಾಕೋದಕ್ಕೂ ದಿನಾ ಚಮಚ ನುಂಗೋದಕ್ಕೂ ವ್ಯತ್ಯಾಸ ಇಲ್ವಾ? ಧಾರಾಳವಾಗಿ ತಿನ್ನಿ.

ಪೇಪರ್_ಹುಳು:
ಬಸ್ಯಾ ಅವರೇ, ನಿಮ್ಮ ಮಾತಿನಲ್ಲಿ ಒಂದು ತಿದ್ದುಪಡಿ. ಬರೀ ಚೌಕಟ್ಟನ್ನೂ ಮನುಷ್ಯರ ಮೇಲೆ ನೋಡಿದ್ದಾರೆ. 1980ರ ದಶಕದಲ್ಲಿ ಅಮೆರಿಕದಲ್ಲಿ, ಹರಡಿದ ಕಿಡ್ನಿ ಕ್ಯಾನ್ಸರ್ ಇದ್ದವರಿಗೆ ದಿನಕ್ಕೆ 100 ಮಿಲಿಗ್ರಾಮ್ ಕೂಮರಿನ್ ಕೊಟ್ಟರು, ಜೊತೆಗೆ ಸಿಮೆಟಿಡಿನ್. ಹೌದು, ಅದೇ ಅಸಿಡಿಟಿ ಮಾತ್ರೆ. ಮೊದಲ ವರದಿಯಲ್ಲಿ ಮೂರರಲ್ಲಿ ಒಬ್ಬರಿಗೆ ಗೆಡ್ಡೆ ಕುಗ್ಗಿತು. ಎಲ್ಲರೂ ಕುಣಿದರು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಅಷ್ಟು ಬರಲಿಲ್ಲ, ತೀರಾ ಕಡಿಮೆ. ಅಲ್ಲಿಗೆ ಸದ್ದು ಅಡಗಿತು.

ಇನ್ನೊಂದು ನಿಮ್ಮ ಚಿಕ್ಕಮ್ಮನ ಕಾಯಿಲೆಗೇ ಸೇರಿದ್ದು. ಸ್ತನ ಕ್ಯಾನ್ಸರ್ ಚಿಕಿತ್ಸೆ ಆದಮೇಲೆ ಕೆಲವರಿಗೆ ಕೈ ಊದಿಕೊಳ್ಳುತ್ತೆ. ಅದಕ್ಕೆ ಕೂಮರಿನ್ ಮಾತ್ರೆ ಒಳ್ಳೇದು ಅಂತ ಆಸ್ಟ್ರೇಲಿಯಾದಲ್ಲಿ ಕೊಡುತ್ತಿದ್ದರು. ಲಿವರ್ ತೊಂದರೆ ಬಂದು 1996ರಲ್ಲಿ ಹಿಂದಕ್ಕೆ ತಗೊಂಡರು. 1999ರಲ್ಲಿ ಅಮೆರಿಕದ ಅಧ್ಯಯನ ಬಂತು. 140 ಹೆಂಗಸರು, ದಿನಕ್ಕೆ 400 ಮಿಲಿಗ್ರಾಮ್. ಊತ ಇಳಿಯಲಿಲ್ಲ. ಶೇ 6ರಷ್ಟು ಜನರಲ್ಲಿ ಲಿವರ್ ಏರುಪೇರಾಯಿತು.

ಕೆರೆದಂಡೆ_ಮಂಜ:
ಇದನ್ನು ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸುತ್ತೇನೆ.

ನೇರಮಾತು_ನಾಗ:
ಇಷ್ಟು ಉದ್ದ ಕತೆ ಯಾಕೆ? ಒಂದೇ ಮಾತು ಹೇಳಿ: ಇನ್ನೂರು ವರ್ಷದಿಂದ ಗೊತ್ತಿರೋ ವಸ್ತು, ಸಾವಿರಾರು ಪೇಪರು, ಒಂದೇ ಒಂದು ಕ್ಯಾನ್ಸರ್ ಮಾತ್ರೆ ಇಲ್ಲ. ಇದೆಲ್ಲ ಪಿಎಚ್‌ಡಿ ಫ್ಯಾಕ್ಟರಿ. ಫೀನಾಲ್ ಜಾತಿಯದೊಂದು ತಗೋ, ಎಸ್ಟರ್ ಹಾಕು, ಆಸಿಡ್ ಸುರಿ, ಕೂಮರಿನ್ ರೆಡಿ. ಒಂದು ಬಾಲ ಬದಲಾಯಿಸು, ಇನ್ನೊಂದು ಪೇಪರ್. ಹನ್ನೆರಡು ಬಾಲಕ್ಕೆ ಒಂದು ಡಾಕ್ಟರೇಟ್.

ಬೀಕರ್_ಬಸ್ಯಾ:
ಅಲ್ರೀ ನಾಗಣ್ಣ, ನೀವು ಆ ಆಸಿಡ್ ಸುರಿದು ನೋಡಿಲ್ಲ ಅನಸ್ತದ. ರಿಸಾರ್ಸಿನಾಲ್, ಈಥೈಲ್ ಅಸಿಟೋಅಸಿಟೇಟ್, ಕೆಳಗೆ ಐಸು, ಮೇಲಿಂದ ಸಲ್ಫ್ಯೂರಿಕ್ ಆಸಿಡ್ ಹನಿಹನಿ. ಬಿಸಿ ಏರಿತೋ, ಕಪ್ಪು ಡಾಂಬರು. ಸರಿ ಹೋದರೆ ಐಸ್ ನೀರಿಗೆ ಸುರಿದ ಕೂಡಲೇ ಬೆಳ್ಳಗೆ ಉದುರುತ್ತದೆ. ಆಮೇಲೆ ಕತ್ತಲಲ್ಲಿ ಯುವಿ ದೀಪ ಹಿಡಿದರೆ ನೀಲಿ ಬೆಳಕು. ಮೊದಲ ಸಲ ನೋಡಿದಾಗ ಊಟ ಮರೆತಿದ್ದೆ. ಬಟ್ಟೆ ಸೋಪಿನ ಪುಡಿಗೆ "ಬಿಳುಪು" ಕೊಡೋಕೆ ಹಾಕುತ್ತಿದ್ದ ವಸ್ತುಗಳಲ್ಲೂ ಇದೇ ಮನೆತನದವು ಇದ್ದವು.

ಮತ್ತು ಹಂಗೆ ತಯಾರಾದ ಆ ವಸ್ತು, ಹೈಮೆಕ್ರೋಮೋನ್, ಯುರೋಪಿನಲ್ಲಿ ಪಿತ್ತನಾಳದ ಸೆಳೆತಕ್ಕೆ ಕೊಡೋ ಮಾತ್ರೆ. ಗೆಡ್ಡೆಗಳು ತಮ್ಮ ಸುತ್ತ ಕಟ್ಟಿಕೊಳ್ಳೋ ಹಯಲುರೋನಾನ್ ಅನ್ನೋ ಅಂಟನ್ನು ಅದು ಕಡಿಮೆ ಮಾಡುತ್ತೆ ಅಂತ ಕ್ಯಾನ್ಸರ್ ಕಡೆಯವರೂ ಅದರ ಹಿಂದೆ ಬಿದ್ದಿದ್ದಾರೆ. ಫ್ಯಾಕ್ಟರಿ ಅಂದರೆ ಫ್ಯಾಕ್ಟರಿ. ಆದರೆ ಅಲ್ಲಿಂದ ಬರೋದೆಲ್ಲ ಕಸ ಅಲ್ಲ.

ನೇರಮಾತು_ನಾಗ:
ಪಿತ್ತದ ಮಾತ್ರೆ ತೋರಿಸಿದಿರಿ. ಕ್ಯಾನ್ಸರ್ ಮಾತ್ರೆ ಎಲ್ಲಿ?

ಪೇಪರ್_ಹುಳು:
ಹತ್ತಿರ ಬಂದದ್ದು ಹೇಳುತ್ತೇನೆ. ಐರೋಸಸ್ಟಾಟ್ ಅಂತ ಒಂದು, ಮೂರು ಉಂಗುರದ ಕೂಮರಿನ್. ಬ್ರಿಟನ್‌ನಲ್ಲಿ ಬಾತ್ ವಿಶ್ವವಿದ್ಯಾಲಯದ ಬ್ಯಾರಿ ಪಾಟರ್, ಇಂಪೀರಿಯಲ್ ಕಾಲೇಜಿನ ಮೈಕೆಲ್ ರೀಡ್ ಅವರ ಕೈಯಿಂದ ಬಂದದ್ದು. ಮುಟ್ಟು ನಿಂತ ಮೇಲೂ ಮೈಯಲ್ಲಿ ಈಸ್ಟ್ರೋಜನ್ (ಎಷ್ಟೋ ಸ್ತನ ಕ್ಯಾನ್ಸರ್‌ಗಳನ್ನು ಬೆಳೆಸೋ ಹಾರ್ಮೋನು) ತಯಾರಾಗೋಕೆ ಒಂದು ಹಿಂಬಾಗಿಲು ಇದೆ. ಸಲ್ಫೇಟ್ ಅಂಟಿಸಿಕೊಂಡು ಸುಮ್ಮನಿರೋ ಹಾರ್ಮೋನಿನಿಂದ ಆ ಸಲ್ಫೇಟ್ ಕಿತ್ತು ಎಬ್ಬಿಸೋ ಕಿಣ್ವ ಅದು. ಐರೋಸಸ್ಟಾಟ್ ಆ ಬಾಗಿಲಿಗೆ ಬೀಗ ಹಾಕುತ್ತೆ. ಸ್ತನ ಕ್ಯಾನ್ಸರ್ ಇರುವವರ ಮೇಲೆ ನೋಡಿದ ಮೊದಲ ಫಲಿತಾಂಶ 2006ರಲ್ಲಿ ಬಂತು. ಬೀಗ ಚೆನ್ನಾಗಿಯೇ ಬಿತ್ತು. ಕೆಲವರಲ್ಲಿ ಕಾಯಿಲೆ ಸ್ವಲ್ಪ ಕಾಲ ಮುಂದೆ ಹೋಗದೆ ನಿಂತಿತು. ಆದರೂ ಮಾತ್ರೆಯಾಗಿ ಅಂಗಡಿಗೆ ಬರಲಿಲ್ಲ.

ಎರಡನೇದು ನೊವೊಬಯಾಸಿನ್. ಹಳೇ ಆಂಟಿಬಯಾಟಿಕ್, ಮಣ್ಣಿನ ಸೂಕ್ಷ್ಮಜೀವಿ ತಯಾರಿಸೋ ಕೂಮರಿನ್. ಮೂಲೆಗೆ ಸೇರಿತ್ತು. 2021ರಲ್ಲಿ ನೋಡಿದರೆ, ಡಿಎನ್‌ಎ ರಿಪೇರಿಗೆ ಬೇಕಾದ ಬಿಆರ್‌ಸಿಎ ಅನ್ನೋ ಜೀನ್ ಕೆಟ್ಟಿರೋ ಗೆಡ್ಡೆಗಳು ಅದರ ಬದಲು ನೆಚ್ಚಿಕೊಂಡಿರೋ ಪಾಲ್ ಥೀಟಾ ಅನ್ನೋ ಕಿಣ್ವವನ್ನೇ ಅದು ಹಿಡಿದು ನಿಲ್ಲಿಸುತ್ತೆ. ಈಗ ಅದನ್ನು ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷೆಗೆ ತಂದಿದ್ದಾರೆ. ನನಗೆ ಆಸೆ ಇರೋದು ಇದರ ಮೇಲೆ.

ಬೆಳ್ಳಿಮೋಡ_22:
ಬಾವಂಚಿ ಬೀಜ ಯಾಕೆ ಯಾರೂ ಹೇಳಲಿಲ್ಲ? ನಮ್ಮ ಅಜ್ಜ ನಾಟಿ ವೈದ್ಯರು, ತೊನ್ನಿಗೆ ಅದನ್ನೇ ಅರೆದು ಹಚ್ಚಿ ಬಿಸಿಲಲ್ಲಿ ಕೂರಿಸುತ್ತಿದ್ದರು. ಅದರಲ್ಲಿರೋ ಸೋರಾಲೆನ್ ಕೂಡ ಕೂಮರಿನ್ ಜಾತಿ ಅಂತ ಓದಿದೆ.

ಚರ್ಮದ_ಡಾಕ್ಟ್ರು:
ನೇರಮಾತು ನಾಗ ಅವರಿಗೆ ಉತ್ತರ ಇಲ್ಲೇ ಇದೆ. ಸೋರಾಲೆನ್ ಮನೆತನದ ಮೆಥಾಕ್ಸಲೆನ್ ಅನ್ನೋ ಔಷಧಿಯನ್ನು ಚರ್ಮದ ಟಿ-ಸೆಲ್ ಲಿಂಫೋಮಾಕ್ಕೆ ಬಳಸುತ್ತೇವೆ. ಅದು ಕ್ಯಾನ್ಸರ್ರೇ. ರೋಗಿಯ ರಕ್ತ ತೆಗೆದು, ಬಿಳಿ ರಕ್ತಕಣಗಳಿಗೆ ಇದನ್ನು ಬೆರೆಸಿ, ಯುವಿ ಬೆಳಕು ಬಿಟ್ಟು ವಾಪಸ್ ಮೈಗೆ ಹರಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 1988ರಲ್ಲೇ ಒಪ್ಪಿಗೆ ಸಿಕ್ಕಿದೆ. ಹಾಗಾಗಿ "ಒಂದೂ ಇಲ್ಲ" ಅನ್ನೋದು ತಪ್ಪು.

ಆದರೆ ಇದರ ಇನ್ನೊಂದು ಮುಖವೂ ಇದೆ. ಅದೇ ಸೋರಾಲೆನ್ ಜೊತೆ ಯುವಿ ಚಿಕಿತ್ಸೆಯನ್ನು ವರ್ಷಗಟ್ಟಲೆ ತಗೊಂಡವರಲ್ಲಿ ಚರ್ಮದ ಕ್ಯಾನ್ಸರ್ ಜಾಸ್ತಿ. ಡಿಎನ್‌ಎಗೆ ಹೊಲಿಗೆ ಹಾಕೋದು ಅದರ ಕೆಲಸ. ಕ್ಯಾನ್ಸರ್ ಕೋಶಕ್ಕೆ ಹಾಕಿದರೆ ಮದ್ದು, ಒಳ್ಳೇ ಕೋಶಕ್ಕೆ ಹಾಕಿದರೆ ಕೇಡು. ಬಾವಂಚಿ ತಂದು ಮನೆಯಲ್ಲಿ ಹಚ್ಚಬೇಡಿ. ಸುಟ್ಟ ಗಾಯ ಮಾಡಿಕೊಂಡು ಬರೋರು ತಿಂಗಳಿಗೆ ಒಬ್ಬರಾದರೂ ಇರುತ್ತಾರೆ.

ನೇರಮಾತು_ನಾಗ:
ಸರಿ ಡಾಕ್ಟ್ರೇ, ಒಂದು ಇದೆ, ಒಪ್ಪಿದೆ. ಫ್ಯಾಕ್ಟರಿ ಮಾತು ವಾಪಸ್ ತಗೊಳ್ಳಲ್ಲ.

ಘಟ್ಟದ_ಕೆಳಗೆ:
ಸುರಹೊನ್ನೆ ಬಗ್ಗೆ ನಾನೂ ಒಂದು ಹೇಳಿಬಿಡುತ್ತೇನೆ. ನಮ್ಮ ಕಡಲ ಬದಿಯಲ್ಲಿ ಅದರ ಬೀಜದ ಎಣ್ಣೆಯಲ್ಲಿ ದೀಪ ಉರಿಸುತ್ತಿದ್ದರು. ಅದರದೇ ಕುಲದ ಒಂದು ಮರದ ಎಲೆ, ಕಡ್ಡಿಗಳನ್ನು ಅಮೆರಿಕದ ಕ್ಯಾನ್ಸರ್ ಸಂಸ್ಥೆಯವರು 1987ರಲ್ಲಿ ಮಲೇಷ್ಯಾದ ಸರವಾಕ್‌ನಿಂದ ತಗೊಂಡು ಹೋದರು. ಸಿಕ್ಕಿದ್ದು ಕ್ಯಾಲನೊಲೈಡ್, ಅದೂ ಕೂಮರಿನ್. ಎಚ್‌ಐವಿ ಮೇಲೆ ಕೆಲಸ ಮಾಡಿತು. ಇನ್ನಷ್ಟು ಬೇಕು ಅಂತ ವಾಪಸ್ ಹೋದರೆ ಆ ಮರವನ್ನೇ ಯಾರೋ ಕಡಿದು ಹಾಕಿದ್ದರಂತೆ!

ಸುಮ್ನೆ_ಬಂದೆ:
ದಾರಿ ತಪ್ಪಿ ಸರವಾಕ್ ತಲುಪಿದ್ದೇವೆ. ಮಂಜಣ್ಣ, ಡಾಕ್ಟರಿಗೆ ಹೇಳಿದ್ರಾ?

ಎಂಎಸ್ಸಿ_ಹುಡುಗಿ:
ನಮಸ್ಕಾರ. ಆ ಅಕ್ಕನ ಮಗಳು ನಾನೇ. ಮಾಮ, ಇಲ್ಲಿ ಹಾಕೋ ಮೊದಲು ನನಗೊಂದು ಮಾತು ಹೇಳಬೇಕಿತ್ತು. ನನ್ನ ಗೆಳತಿ ಲಿಂಕ್ ಕಳಿಸಿ ನಗುತ್ತಿದ್ದಾಳೆ.

ನಾನು ಹೇಳಿದ್ದು ಪೂರ್ತಿ ಕೇಳಿಸಿಕೊಂಡಿಲ್ಲ ನೀವು. "ನಮ್ಮ ಲ್ಯಾಬಲ್ಲಿ ಅದೇ ಮಾಡೋದು, ಆದರೆ ಅದು ಚಕ್ಕೆ ಅಲ್ಲ" ಅಂದೆ. ಅಷ್ಟರಲ್ಲಿ ಚಿಕ್ಕಜ್ಜಿ "ನೋಡಿದ್ಯಾ" ಅಂತ ಕೂಗಿದರು.

ನಾನು ಮಾಡಿದ್ದು ಹದಿನಾಲ್ಕು ಅಣು. ಕೂಮರಿನ್‌ಗೆ ಟ್ರಯಜೋಲ್ ಅನ್ನೋ ಉಂಗುರ ಜೋಡಿಸಿ. ಎಂಸಿಎಫ್-7 ಅಂತ ಸ್ತನ ಕ್ಯಾನ್ಸರ್ ಕೋಶಗಳಿವೆ. ಇಂಥವನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸುತ್ತಾರೆ. 96 ಗುಳಿಯ ತಟ್ಟೆಯಲ್ಲಿ ಬೆಳೆಸಿ, ಅಣು ಹಾಕಿ, ಆಮೇಲೆ ಎಂಟಿಟಿ ಅನ್ನೋ ಹಳದಿ ಬಣ್ಣ ಹಾಕುತ್ತಾರೆ. ಜೀವ ಇರೋ ಕೋಶ ಅದನ್ನು ನೇರಳೆ ಮಾಡುತ್ತೆ. ನೇರಳೆ ಕಡಿಮೆ ಆದರೆ ಅಣು ಕೆಲಸ ಮಾಡಿದೆ ಅಂತ. ನನ್ನ ಹದಿನಾಲ್ಕರಲ್ಲಿ ಹನ್ನೆರಡು ಏನೂ ಮಾಡಲಿಲ್ಲ. ಎರಡು ಮಾಡಿದವು. ಖುಷಿಯಿಂದ ಒಳ್ಳೇ ಕೋಶದ ಮೇಲೆ ಹಾಕಿಸಿದರೆ ಅದರಲ್ಲಿ ಒಂದು ಅವನ್ನೂ ಅಷ್ಟೇ ಚೆನ್ನಾಗಿ ಕೊಂದಿತು. ಉಳಿದದ್ದು ಒಂದು. ಅದೂ ನೀರಲ್ಲಿ ಕರಗಲ್ಲ, ತಟ್ಟೆ ತಳದಲ್ಲಿ ಮರಳಿನ ಹಾಗೆ ಕೂರುತ್ತೆ.

ತಟ್ಟೆಯಲ್ಲಿ ಉಪ್ಪಿನಕಾಯಿ ರಸ ಹಾಕಿದರೂ ಕ್ಯಾನ್ಸರ್ ಕೋಶ ಸಾಯುತ್ತೆ ಅಂತ ನಮ್ಮ ಮೇಡಂ ದಿನಾ ಹೇಳುತ್ತಾರೆ. ಆಮೇಲೆ ಇಲಿ ಇದೆ, ಅದಾದ ಮೇಲೆ ಮನುಷ್ಯ. ನಾಗ ಅಂಕಲ್, ಫ್ಯಾಕ್ಟರಿ ಅಂದದ್ದಕ್ಕೆ ಬೇಜಾರಾಯಿತು, ಆದರೆ ಪೂರ್ತಿ ಸುಳ್ಳು ಅನ್ನೋಕೂ ಆಗಲ್ಲ.

ನೇರಮಾತು_ನಾಗ:
ಅಂಕಲ್ ಅಂದದ್ದಕ್ಕೆ ನನಗೂ ಬೇಜಾರಾಯಿತು. ಒಳ್ಳೇ ಕೋಶದ ಮೇಲೂ ನೋಡಿದೀಯಲ್ಲ ತಾಯಿ, ಅದಕ್ಕೆ ಶಹಬ್ಬಾಸ್. ಎಷ್ಟೋ ಪೇಪರ್‌ಗಳಲ್ಲಿ ಅದೇ ಇರಲ್ಲ.

ಪೇಪರ್_ಹುಳು:
@ಎಂಎಸ್ಸಿ_ಹುಡುಗಿ ಕಾರ್ಬಾನಿಕ್ ಅನ್‌ಹೈಡ್ರೇಸ್ 9 ನೋಡಿದೀರಾ? ಆಮ್ಲಜನಕ ಸಾಲದ ಗೆಡ್ಡೆಗಳಲ್ಲಿ ಜಾಸ್ತಿ ಇರೋ ಕಿಣ್ವ. ಈ ಜಾತಿಯ ಕಿಣ್ವ ಕೂಮರಿನ್ ಉಂಗುರವನ್ನು ತಾನೇ ಬಿಚ್ಚುತ್ತೆ, ಬಿಚ್ಚಿದ್ದು ಬಂದು ಅದರದೇ ಬಾಯಿಗೆ ಸಿಕ್ಕಿಹಾಕಿಕೊಳ್ಳುತ್ತೆ. 2009ರಲ್ಲಿ ಗೊತ್ತಾದದ್ದು.

ಎಂಎಸ್ಸಿ_ಹುಡುಗಿ:
ಮುಂದಿನ ಸೆಮಿಸ್ಟರ್‌ಗೆ ಅದನ್ನೇ ಕೇಳೋಣ ಅಂತಿದ್ದೆ ಸರ್! ಮೆಸೇಜ್ ಮಾಡುತ್ತೇನೆ.

ಮಾತ್ರೆಡಬ್ಬಿ:
ಮಂಜಣ್ಣ, ಇನ್ನೊಂದು. ಚಿಕ್ಕಮ್ಮ ಚಕ್ಕೋತ ತಿನ್ನುತ್ತಾರಾ?

ಕೆರೆದಂಡೆ_ಮಂಜ:
ದೇವನಹಳ್ಳಿ ಕಡೆಯ ನೆಂಟರು ಸೀಸನ್‌ನಲ್ಲಿ ಚೀಲಗಟ್ಟಲೆ ಕಳಿಸುತ್ತಾರೆ. ಯಾಕೆ, ಅದರಲ್ಲೂ ಕೂಮರಿನ್ನಾ??

ಮಾತ್ರೆಡಬ್ಬಿ:
ಅದರ ದೊಡ್ಡಪ್ಪನ ಮಕ್ಕಳು, ಫ್ಯುರಾನೋಕೂಮರಿನ್. ಗ್ರೇಪ್‌ಫ್ರೂಟ್‌ನಲ್ಲಿ (ದ್ರಾಕ್ಷಿ ಅಲ್ಲ, ಚಕ್ಕೋತದ ಜಾತಿಯ ಹಣ್ಣು) ಜಾಸ್ತಿ, ಚಕ್ಕೋತದಲ್ಲೂ ಇದೆ. ಕೆನಡಾದಲ್ಲಿ 1989ರಲ್ಲಿ ಬಿಪಿ ಮಾತ್ರೆಯ ಜೊತೆ ಮದ್ಯ ಕುಡಿದರೆ ಏನಾಗುತ್ತೆ ಅಂತ ನೋಡೋಕೆ ಹೋದರು. ಮದ್ಯದ ರುಚಿ ತಿಳಿಯದಿರಲಿ ಅಂತ ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ರಕ್ತದಲ್ಲಿ ಮಾತ್ರೆ ಪ್ರಮಾಣ ಏಕಾಏಕಿ ಏರಿತು, ಕಾರಣ ಮದ್ಯ ಅಲ್ಲ, ಹಣ್ಣು. ಕರುಳಲ್ಲಿ ಔಷಧಿ ಒಡೆಯೋ ಕಿಣ್ವವನ್ನು ಅದು ಕೆಡಿಸುತ್ತೆ. ಕೆಲವು ಕ್ಯಾನ್ಸರ್ ಮಾತ್ರೆಗಳ ಹಾಳೆಯಲ್ಲಿ ಈ ಹಣ್ಣು ಬೇಡ ಅಂತ ಬರೆದೇ ಇರುತ್ತೆ. ಚಿಕ್ಕಮ್ಮನ ಔಷಧಿಗೆ ಇದು ಅನ್ವಯಿಸುತ್ತಾ ಅಂತ ಡಾಕ್ಟರನ್ನು ಕೇಳಿ. ಹಾಗೇ, ಯಾರಾದರೂ ವಾರ್ಫರಿನ್ ತಗೊಳ್ಳೋರಿಗೆ ಕ್ಯಾಪೆಸಿಟಬಿನ್ ಅನ್ನೋ ಕೀಮೋ ಮಾತ್ರೆ ಶುರು ಮಾಡಿದರೆ ಐಎನ್‌ಆರ್ ಪದೇ ಪದೇ ನೋಡಿಸಬೇಕು, ರಕ್ತ ಸೋರೋ ಅಪಾಯ ಇದೆ.

ಕೆರೆದಂಡೆ_ಮಂಜ:
ಅಪ್‌ಡೇಟ್. ಆಣೆ ಮುರಿದೆ. ನಿನ್ನೆ ಕೀಮೋಗೆ ಹೋದಾಗ ಡಾಕ್ಟರ ಎದುರು ಚಕ್ಕೆ ಡಬ್ಬಿಯನ್ನೇ ಮೇಜಿನ ಮೇಲೆ ಇಟ್ಟೆ. ಅವರು ಬೈಯಲಿಲ್ಲ. ಲಿವರ್ ಟೆಸ್ಟ್ ಬರೆದರು, ರಿಪೋರ್ಟ್ ಸಂಜೆ ಬಂತು, ಸರಿಯಾಗಿದೆ. "ಅಡುಗೆಗೆ ಹಾಕಿಕೊಳ್ಳಿ ಅಮ್ಮ, ಚಮಚದಲ್ಲಿ ಬೇಡ. ಏನೇ ತಗೊಂಡರೂ ನನಗೆ ಹೇಳಿ ತಗೊಳ್ಳಿ" ಅಂದರು. ಚಕ್ಕೋತವನ್ನೂ ಕೀಮೋ ಮುಗಿಯೋವರೆಗೆ ಪಕ್ಕಕ್ಕಿಡಿ ಅಂದರು.

ಚಿಕ್ಕಮ್ಮ ಬಸ್ಸಿನಲ್ಲಿ ನನ್ನ ಜೊತೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಅಕ್ಕನ ಮಗಳಿಗೆ ಫೋನ್ ಹಚ್ಚಿ, "ನಿನ್ನ ಆ ಒಂದು ಉಳಿದಿದೆಯಲ್ಲ, ಅದು ಯಾವಾಗ ಅಂಗಡಿಗೆ ಬರುತ್ತೆ?" ಅಂತ ಕೇಳಿದರು.

ಎಂಎಸ್ಸಿ_ಹುಡುಗಿ:
ಮೊದಲು ನೀರಲ್ಲಿ ಕರಗಲಿ ಚಿಕ್ಕಜ್ಜಿ ಅಂದೆ. "ಬಿಸಿನೀರಲ್ಲಿ ನೋಡಿದ್ಯಾ?" ಅಂದರು.

ಬೀಕರ್_ಬಸ್ಯಾ:
ನನ್ನ ಗೈಡ್ ಕೂಡ ಅದನ್ನೇ ಕೇಳತಿದ್ದರು 😂

ಒಗ್ಗರಣೆ_ಡಬ್ಬಿ:
ಉಳಿದ ಚಕ್ಕೆ ಪುಡಿ ಏನು ಮಾಡಿದಿರಿ?

ಕೆರೆದಂಡೆ_ಮಂಜ:
ಅರ್ಧ ಕಿಲೋ ಇದೆ. ಅಡುಗೆಮನೆ ಕಿಟಕಿಯಲ್ಲಿ ಇರುವೆ ಸಾಲು ಬರುತ್ತಲ್ಲ, ಅಲ್ಲಿಗೆ ಹಾಕಿದೆ. ಅವು ಬಾಗಿಲ ಕಡೆಯಿಂದ ಬರುತ್ತಿವೆ.